ಎದುರುಗಾಳಿ

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ 2023ರಲ್ಲಿ ವಿಮಾನನಿಲ್ದಾಣವು ಪ್ರಾರಂಭವಾಯಿತಷ್ಟೆ. ಮಕ್ಕಳೊಡನೆ ಅದನ್ನು ನೋಡಹೋಗುವ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ವಿಮಾನವು ಸಾಧಾರಣವಾಗಿ ಗಾಳಿಗೆ ಎದುರಾಗಿಯೇ ಓಡಿ ಮೇಲೇರುತ್ತದೆ. ಎದುರುಗಾಳಿಯಿಂದ ರೆಕ್ಕೆಗಳ ಮೇಲೆ ಹರಿಯುವ ವಾಯುವಿನ ವೇಗವು ಹೆಚ್ಚುವುದರಿಂದ, ಅಲ್ಪ ಓಟದಲ್ಲಿಯೇ ಅದಕ್ಕೆ ನೆಲವನ್ನು ಬಿಡುವ ಶಕ್ತಿಯುಂಟಾಗುತ್ತದೆ. ತಡೆಯೆಂದು ತೋರುವುದೇ ಎತ್ತುವ ಕೈಯಾಗುತ್ತದೆ.

ಸ್ಪರ್ಧೆಯಲ್ಲಿ ಪ್ರತಿಸ್ಪರ್ಧಿಯೂ ಇಂತಹ ಎದುರುಗಾಳಿಯೇ ಸರಿ. ಇದನ್ನು ನಡತೆಯಿಂದ ತೋರಿಸಿದವರು 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಕ್ರಿಕೆಟ್ ಆಟಗಾರ ಗುಂಡಪ್ಪ ವಿಶ್ವನಾಥರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದವರೊಡನೆ ಆಡಿದ ತಮ್ಮ ಮೊದಲನೆಯ ಟೆಸ್ಟಿನಲ್ಲಿ ಅವರು ಮೊದಲು ಸೊನ್ನೆಗೆ ಔಟಾದರು. ಎರಡನೆಯ ಸರದಿಯಲ್ಲಿ 137 ರನ್ನುಗಳನ್ನು ಗಳಿಸಿದರು.

1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣಮಹೋತ್ಸವದ ಟೆಸ್ಟಿಗೆ ಅವರೇ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ಟುಗಳು 58 ರನ್ನುಗಳಿಗೆ ಉರುಳಿದ್ದುವು. ಬಳಿಕ ಬಾಬ್ ಟೇಲರರೂ ಔಟೆಂದು ಅಂಪೈರರ ತೀರ್ಪಾಯಿತು. ಚೆಂಡು ಬ್ಯಾಟಿಗೆ ತಗುಲಲಿಲ್ಲವೆಂದು ಮನಗಂಡ ವಿಶ್ವನಾಥರು ಅವರನ್ನು ಮರಳಿ ಆಡಲು ಕರೆದರು. ಟೇಲರರೂ ಬಾಥಮ್ಮರೂ ಕೂಡಿ 171 ರನ್ನುಗಳನ್ನು ಸೇರಿಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು.

ಧರ್ಮಕ್ಕಾಗಿ ತೆತ್ತ ಬೆಲೆ ಅಲ್ಪವಲ್ಲ. ಆದರೂ ಆ ಪಂದ್ಯವನ್ನು ನೆನೆವವರು ಇಂದಿಗೂ ಸೋತ ನಾಯಕನ ಹೆಸರನ್ನು ಗೌರವದಿಂದ ಹೇಳುತ್ತಾರೆ. ಮಗುವು ಆಟದಿಂದ ಮನೆಗೆ ಬಂದೊಡನೆ ‘ಗೆದ್ದೆಯಾ?’ ಎಂದು ಕೇಳುವುದು ನಮ್ಮೆಲ್ಲರ ವಾಡಿಕೆ. ‘ನ್ಯಾಯವಾಗಿ ಆಡಿದೆಯಾ?’ ಎಂದು ಮೊದಲು ಕೇಳೋಣ. ಎದುರಾಳಿಯನ್ನು ಅನ್ಯಾಯದಿಂದ ತೊಲಗಿಸಿದವನು ತನ್ನನ್ನು ಮೇಲಕ್ಕೆತ್ತುವ ಗಾಳಿಯನ್ನೇ ಕಳೆದುಕೊಳ್ಳುತ್ತಾನೆ.