ಬೀಗವಿದ್ದ ಬಾಗಿಲಿಗೆ ಫಲಕವೂ ಬೇಕು

ಕಛೇರಿಯ ಕಿಟಕಿಯ ಮುಂದೆ ಬಹಳ ಹೊತ್ತು ಕಾದವನಿಗೆ 'ಇದು ಇಲ್ಲಿ ಆಗುವುದಿಲ್ಲ' ಎಂಬ ಉತ್ತರ ದೊರೆತರೆ ಬೇಸರವಾಗುವುದು ಸಹಜ. ಎಲ್ಲಿ ಆಗುತ್ತದೆಂಬುದನ್ನೂ ಹೇಳದಿದ್ದರೆ ಆ ಬೇಸರವು ಅಸಹಾಯಕತೆಯಾಗುತ್ತದೆ. ಅನ್ಯಭಾಷೆಯ ಆಡಳಿತದ ನಡುವೆ ಬಾಳುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥದೇ ಅನುಭವವು ಇಂದು ಗಣಕಯಂತ್ರದ ತೆರೆಯ ಮೇಲೆಯೂ ಎದುರಾಗುತ್ತಿದೆ.

ಸಹಕಾರಿ ಸಂಘವಾಗಲಿ, ಶಾಲೆಯಾಗಲಿ, ಪತ್ರಿಕೆಯಾಗಲಿ, ಹಲವರು ಒಟ್ಟಾಗಿ ಬಳಸುವ ತಂತ್ರಾಂಶದಲ್ಲಿ ಎಲ್ಲರಿಗೂ ಸಮಾನ ಅಧಿಕಾರವಿರುವುದಿಲ್ಲ, ಇರಲೂ ಕೂಡದು. ಜಾಲತಾಣಗಳನ್ನು ನಡೆಸಲು ಬಹುವಾಗಿ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ತಂತ್ರಾಂಶವನ್ನೇ ನೋಡೋಣ. 2003ರಲ್ಲಿ ಹೊರಬಂದ ಇದರಲ್ಲಿ 2005ರ ಕೊನೆಯಿಂದ ಐದು ಪಾತ್ರಗಳಿವೆ: ಆಡಳಿತಗಾರ, ಸಂಪಾದಕ, ಲೇಖಕ, ಬರಹ ಒದಗಿಸುವವ ಮತ್ತು ಚಂದಾದಾರ. ಲೇಖಕನು ತನ್ನ ಬರಹವನ್ನು ತಾನೇ ಪ್ರಕಟಿಸಬಲ್ಲನು. ಬರಹ ಒದಗಿಸುವವನಾದರೋ ಬರೆದು ಪರಿಶೀಲನೆಗೆ ಒಪ್ಪಿಸಬಹುದೇ ಹೊರತು ಪ್ರಕಟಿಸಲಾರನು, ಚಿತ್ರಗಳನ್ನು ಏರಿಸಲಾರನು, ಬರಹವು ಪ್ರಕಟವಾದ ಬಳಿಕ ಅದನ್ನು ತಿದ್ದಲೂ ಆರನು.

ಇಂಥ ತಂತ್ರಾಂಶದ ಸಹಾಯಪುಟವು 'ಪ್ರಕಟಿಸು ಎಂಬ ಗುಂಡಿಯನ್ನು ಒತ್ತಿರಿ' ಎಂದಷ್ಟೇ ಹೇಳಿದರೆ ಏನಾದೀತು? ಕೆಳಹಂತದವನ ತೆರೆಯ ಮೇಲೆ ಆ ಗುಂಡಿಯೇ ಇಲ್ಲ. ಯಂತ್ರ ಕೆಟ್ಟಿದೆಯೆಂದೋ, ತನಗೇ ತಿಳಿವಳಿಕೆ ಸಾಲದೆಂದೋ ಅವನು ನೊಂದುಕೊಳ್ಳುತ್ತಾನೆ. ಇದಕ್ಕೆ ಅಂಜಿ ಅವನ ಅಧಿಕಾರಕ್ಕೆ ಮೀರಿದುದೆಲ್ಲವನ್ನೂ ಸಹಾಯದಿಂದ ಅಳಿಸಿಬಿಟ್ಟರೆ ಇನ್ನೊಂದು ಕೇಡು. ಚಿತ್ರ ಸೇರಿಸುವ ಸೌಕರ್ಯವೇ ಇಲ್ಲವೆಂದು ಅವನು ಭಾವಿಸುತ್ತಾನೆ. ಯಾರನ್ನು ಕೇಳಬೇಕೆಂಬುದೂ ಅವನಿಗೆ ತಿಳಿಯದು.

ಈ ತೊಡಕಿಗೆ ಹಳೆಯದೊಂದು ಪರಂಪರೆಯು ದಾರಿ ತೋರಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ರೂಪಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರಿನದು. ಅದೇ ಜಾಡಿನಲ್ಲಿ ಬಂದ ಲಿನಕ್ಸ್ ಕೈಪಿಡಿಯಲ್ಲಿ ಸಾಮಾನ್ಯ ಬಳಕೆದಾರರ ಆಜ್ಞೆಗಳು 1ನೆಯ ವಿಭಾಗದಲ್ಲಿಯೂ ಆಡಳಿತಗಾರರ ಆಜ್ಞೆಗಳು 8ನೆಯ ವಿಭಾಗದಲ್ಲಿಯೂ ಇವೆ. ಆ 8ನೆಯ ವಿಭಾಗವನ್ನು ಯಾರು ಬೇಕಾದರೂ ಓದಬಹುದು. ಓದಿದ ಮಾತ್ರಕ್ಕೆ ಅಧಿಕಾರವು ಬಂದುಬಿಡುವುದಿಲ್ಲ. ಗುಪ್ತಪದವನ್ನು ಬದಲಿಸುವ ಆಜ್ಞೆಯ ಪುಟವಂತೂ, ಸಾಮಾನ್ಯನು ತನ್ನ ಖಾತೆಯದನ್ನು ಮಾತ್ರ ಬದಲಿಸಬಹುದು, ಮೇಲಧಿಕಾರಿಯು ಯಾವ ಖಾತೆಯದನ್ನಾದರೂ ಬದಲಿಸಬಹುದು ಎಂದು ಆರಂಭದಲ್ಲಿಯೇ ತಿಳಿಸಿಬಿಡುತ್ತದೆ.

ಸಹಾಯಪುಟವನ್ನು ರಚಿಸುವವರು ಇದರಿಂದ ಕಲಿಯತಕ್ಕುದು ಬಹಳವಿದೆ. ಪ್ರತಿಯೊಂದು ಪುಟದ ತಲೆಯಲ್ಲಿಯೇ ಈ ಕೆಲಸವನ್ನು ಯಾರು ಮಾಡಬಹುದು, ಮಾಡಲಾರದವರು ಯಾರನ್ನು ಕೇಳಬೇಕು ಎಂಬ ಎರಡು ಸಾಲುಗಳಿರಲಿ. ಐದು ಪಾತ್ರಗಳಿಗೆ ಐದು ಕೈಪಿಡಿಗಳನ್ನು ಬರೆದರೆ ಒಂದನ್ನು ತಿದ್ದುವಾಗ ನಾಲ್ಕು ಹಿಂದುಳಿಯುತ್ತವೆ. ಆದುದರಿಂದ ಮೂಲಪ್ರತಿ ಒಂದೇ ಇದ್ದು, ಯಾವ ಭಾಗ ಯಾರಿಗೆಂಬ ಗುರುತು ಅದರಲ್ಲಿರಲಿ. ಸಹಾಯಪುಟವನ್ನು ಬಚ್ಚಿಡುವುದೇ ಭದ್ರತೆಯೆಂದು ಯಾರೂ ಭ್ರಮಿಸದಿರಲಿ, ಬೀಗವಿರಬೇಕಾದುದು ತಂತ್ರಾಂಶದೊಳಗೆ. ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಆಡಳಿತಗಾರನ ಪೀಠದಲ್ಲಿ ಕುಳಿತು ಬರೆಯುವವನಿಗೆ ಎಲ್ಲ ಗುಂಡಿಗಳೂ ಕಾಣುತ್ತವೆ. ಕೆಳಗಿನ ಹಂತದ ಖಾತೆಯಿಂದ ಒಳಹೊಕ್ಕು ನೋಡಿದಾಗಲೇ ಬರಹದ ಕೊರತೆ ಬೆಳಕಿಗೆ ಬರುತ್ತದೆ.

ನಮ್ಮ ಸಂಘಸಂಸ್ಥೆಗಳೂ ಈಗ ಲೆಕ್ಕಪತ್ರಗಳಿಗೆ, ಸದಸ್ಯರ ಪಟ್ಟಿಗೆ ತಂತ್ರಾಂಶಗಳನ್ನು ಕೊಳ್ಳುತ್ತಿವೆ. ಕೊಳ್ಳುವ ಮುನ್ನ ಕಾರ್ಯದರ್ಶಿಗಳು ತಾವೊಬ್ಬರೇ ನೋಡಿ ತೃಪ್ತರಾಗದೆ, ಅತ್ಯಂತ ಕಿರಿಯ ಗುಮಾಸ್ತನನ್ನು ಅವನದೇ ಖಾತೆಯೊಡನೆ ಕೂರಿಸಿ, ಸಹಾಯಪುಟವೊಂದನ್ನೇ ನಂಬಿ ಒಂದು ಕೆಲಸವನ್ನು ಮಾಡಿಸಿ ನೋಡಲಿ. ಅವನಿಗೆ ಆಗದ ಕೆಲಸ ಏಕೆ ಆಗದು, ಯಾರಿಂದ ಆದೀತು ಎಂಬುದು ಅವನಿಗೆ ಅಲ್ಲಿಯೇ ತಿಳಿದರೆ ಆ ತಂತ್ರಾಂಶವನ್ನು ಧೈರ್ಯವಾಗಿ ಕೊಳ್ಳಬಹುದು.