ಪೆಟ್ಟಿಗೆಯಲ್ಲಿ ಉಳಿದ ಚೀನಾ

ಮುಂಬಯಿಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಕೊರೆವ ಚಳಿಯಲ್ಲಿ ಅರಳುವ ಪ್ಲಮ್ ಹೂವು ಇಲ್ಲಿನ ಪಾರ್ಸಿ ಮನೆಗಳ ಪೆಟ್ಟಿಗೆ ಸೇರಿ ತಲೆಮಾರುಗಳೇ ಕಳೆದಿವೆ, ಗಾರಾ ಸೀರೆಯ ಮೇಲೆ.

19ನೇ ಶತಮಾನದ ಪಾರ್ಸಿ ವರ್ತಕರು ಹತ್ತಿ, ಅಫೀಮು ಹೇರಿಕೊಂಡು ಚೀನಾದ ಕ್ಯಾಂಟನ್‌ಗೆ ಹೋಗಿ ಚಹಾ, ರೇಷ್ಮೆ ತರುತ್ತಿದ್ದರು. ಮನೆಯ ಹೆಂಗಸರಿಗೆಂದು ಕಸೂತಿ ಹಾಕಿದ ರೇಷ್ಮೆಯೂ ಬರುತ್ತಿತ್ತು; ಅದೇ ಗಾರಾ. ಕಡು ನೇರಳೆ ಬಟ್ಟೆ, ಬಿಳಿ ದಾರ. ಚೀನೀ ಕಲೆಯ ಲೆಕ್ಕದಲ್ಲಿ ವಸಂತಕ್ಕೆ ಪಿಯೋನಿ, ಬೇಸಿಗೆಗೆ ತಾವರೆ, ಶರತ್ಕಾಲಕ್ಕೆ ಸೇವಂತಿಗೆ, ಚಳಿಗಾಲಕ್ಕೆ ಪ್ಲಮ್. ನಾಲ್ಕೂ ಒಂದೇ ಬಟ್ಟೆಯಲ್ಲಿ ಕೂಡಿದರೆ ವರ್ಷವಿಡೀ ಒಳ್ಳೆಯದಾಗಲಿ ಎಂಬ ಹಾರೈಕೆ. ಕೊಕ್ಕರೆ ಇದ್ದರೆ ದೀರ್ಘಾಯುಸ್ಸು.

ಹಳೆಯ ಗಾರಾವನ್ನು ಹತ್ತಿರದಿಂದ ನೋಡಬೇಕು. ಒಂದು ಎಸಳಿನ ಮೇಲೆ ಇನ್ನೊಂದು ಎಸಳು ಬಂದ ಕಡೆ ಅಂಚಿಗೆ ಗೆರೆ ಎಳೆದಿರುವುದಿಲ್ಲ. ಕೂದಲೆಳೆಯಷ್ಟು ಬಟ್ಟೆಯನ್ನು ಹಾಗೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗವೇ ಗೆರೆ. ಇಂಥ ನಾಜೂಕಿಗೆ ಮುಂಬಯಿಯ ಪಾರ್ಸಿಗಳು ಕೊಟ್ಟ ಹೆಸರುಗಳೋ ಅಪ್ಪಟ ಅಡುಗೆಮನೆ, ಅಂಗಳದವು: ದುಂಡು ಬುಟ್ಟಾಗಳಿಗೆ ‘ಕಾಂದಾ-ಪಪೇಟಾ’ (ಈರುಳ್ಳಿ-ಆಲೂಗಡ್ಡೆ), ಜೋಡಿ ಹಕ್ಕಿಗೆ ‘ಚಕ್ಲಾ-ಚಕ್ಲಿ’ (ಗುಬ್ಬಚ್ಚಿಗಳು).

ಚೀನಾ ವ್ಯಾಪಾರದಲ್ಲಿ ಅಪಾರ ಹಣ ಮಾಡಿದ ಜಮ್ಷೆಡ್‌ಜೀ ಜೀಜೀಭಾಯ್ ಅವರ ದೇಣಿಗೆಯಿಂದಲೇ 1857ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಶುರುವಾಯಿತು. ಹಣ ಬಂದದ್ದು ಪೂರ್ವದಿಂದ, ಪಾಠ ಬಂದದ್ದು ಲಂಡನ್‌ನಿಂದ. ಚೀನಾದ ಹೂವು-ಹಕ್ಕಿಗಳು ತರಗತಿಯ ಹೊರಗೇ ಉಳಿದವು; ಅವನ್ನು ಕಾಪಾಡಿದವರು ಸೀರೆ ಮಡಿಸಿಟ್ಟ ಹೆಂಗಸರು. ಆ ಕಸೂತಿಯನ್ನು ಕಲೆಯೆಂದು ಆಗ ಯಾರು ಕರೆದಾರು?

ಈಗ ಕಂಪ್ಯೂಟರ್ ಕಸೂತಿಯ ‘ಗಾರಾ’ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಅಗ್ಗವಾಗಿರುವುದು ತಪ್ಪಲ್ಲ, ಎಲ್ಲರೂ ಉಡಲಿ. ಆದರೆ ಯಂತ್ರದ ವಿನ್ಯಾಸದಲ್ಲಿ ಎಷ್ಟೋ ಸಲ ಸೇವಂತಿಗೆಯೂ ಪಿಯೋನಿಯೂ ಒಂದೇ ಅಚ್ಚು, ಎಸಳಿನ ನಡುವಿನ ಸಂದು ಮಾಯ. ಋತು ಗೊತ್ತಿಲ್ಲದ ಹೂವು ಬರೀ ಜಾಗ ತುಂಬಿಸುತ್ತದೆ. ಪಾರ್ಜೋರ್ ಸಂಸ್ಥೆ ಈ ಕಸೂತಿಯನ್ನು ದಾಖಲಿಸಿ ಕಲಿಸುವ ಕೆಲಸ ಮಾಡಿದೆ. ಅಷ್ಟೇ ಸಾಲದು.

ಮುಂಬಯಿಯ ಫೋರ್ಟ್ ಭಾಗದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ದೊರಾಬ್ ಟಾಟಾ, ರತನ್ ಟಾಟಾ ಸಹೋದರರು ಸಂಗ್ರಹಿಸಿದ ಚೀನಾ, ಜಪಾನಿನ ಪಿಂಗಾಣಿ, ಜೇಡ್ ಕಲ್ಲಿನ ವಸ್ತುಗಳಿವೆ. ಜೆ.ಜೆ. ಕಲಾಶಾಲೆ ಅಲ್ಲಿಂದ ದೂರವೇನಿಲ್ಲ. ಶಾಲೆಯ ವಿದ್ಯಾರ್ಥಿಗಳನ್ನೂ ಕಸೂತಿ ಕಾರ್ಖಾನೆಗಳ ವಿನ್ಯಾಸಗಾರರನ್ನೂ ಆ ಪಿಂಗಾಣಿಗಳ ಮುಂದೆ ಪೆನ್ಸಿಲ್ ಕೊಟ್ಟು ಕೂರಿಸಬೇಕು. ಪಕ್ಕದಲ್ಲೊಂದು ಹಳೆಯ ಗಾರಾ ಹರಡಿ, ಯಾವ ಹೂವು ಯಾವ ಕಾಲದ್ದೆಂದು ಮರಾಠಿ, ಗುಜರಾತಿ, ಕನ್ನಡದಲ್ಲೂ ಬರೆದು ಹಾಕಬೇಕು.