ಗುತ್ತಿಗೆ ನೌಕರರ ಬಾಕಿ ಸಂಬಳಕ್ಕೆ ಯಾರು ಹೊಣೆ?

ಆಸ್ಪತ್ರೆಯ ಆಯಾ, ಶಾಲೆಯ ಗೇಟಿನಲ್ಲಿರುವ ವಾಚ್‌ಮನ್, ಆಫೀಸಿನ ಅಟೆಂಡರ್ - ಇವರಲ್ಲಿ ಅನೇಕರು ಇಂದು ತಾವು ದುಡಿಯುವ ಸಂಸ್ಥೆಯ ನೌಕರರಲ್ಲ, ಏಜೆನ್ಸಿಯ ಜನ. ಎರಡು ಮೂರು ತಿಂಗಳು ಸಂಬಳ ಬಾರದಿದ್ದರೆ ಏಜೆನ್ಸಿಯವರು "ಅಲ್ಲಿ ಬಿಲ್ ಪಾಸಾಗಿಲ್ಲ" ಎನ್ನುತ್ತಾರೆ. ಸಂಸ್ಥೆಯವರು "ನೀವು ನಮ್ಮವರಲ್ಲ, ಏಜೆನ್ಸಿಯನ್ನೇ ಕೇಳಿ" ಎನ್ನುತ್ತಾರೆ. ಈ ಎರಡು ಉತ್ತರಗಳೂ ಕಾನೂನಿನ ಮುಂದೆ ನಿಲ್ಲುವುದಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1936ರ ವೇತನ ಪಾವತಿ ಕಾಯಿದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಹಳೆಯ ಕಾಯಿದೆ ತಿಂಗಳಿಗೆ 24,000 ರೂಪಾಯಿವರೆಗೆ ಸಂಬಳವಿದ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸದರಲ್ಲಿ ಆ ಮಿತಿ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆದವರಿಗೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು.

ಮುಖ್ಯವಾದದ್ದು ಇದರ 43ನೇ ಕಲಂ. ಸಂಬಳ ಕೊಡಬೇಕಾದ ಮಾಲಿಕ ಕೊಡದಿದ್ದರೆ, ನೌಕರ ಯಾವ ಸಂಸ್ಥೆಯಲ್ಲಿ ದುಡಿಯುತ್ತಾನೋ ಅದರ ಒಡೆತನ ಹೊಂದಿರುವವರೇ ಆ ಹಣಕ್ಕೆ ಜವಾಬ್ದಾರರು. ಗುತ್ತಿಗೆ ಕಾರ್ಮಿಕರ ವಿಷಯವಾಗಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 55ನೇ ಕಲಮೂ ಇದನ್ನೇ ಹೇಳುತ್ತದೆ: ಗುತ್ತಿಗೆದಾರ ತಪ್ಪಿದರೆ ಮೂಲ ಮಾಲಿಕ ಮೊದಲು ಸಂಬಳ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಆದರೆ ಇಲ್ಲೊಂದು ತೂತಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ 20 ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿದ್ದರೆ, ಹೊಸ ಸಂಹಿತೆಯ ಗುತ್ತಿಗೆ ಅಧ್ಯಾಯಕ್ಕೆ 50 ಮಂದಿ ಬೇಕು. ನಮ್ಮ ಊರುಗಳ ಸಣ್ಣ ಏಜೆನ್ಸಿಗಳು ಹೀಗೆ ಲೈಸೆನ್ಸಿನಿಂದಲೇ ಜಾರಿಕೊಳ್ಳಬಹುದು. ಇದು ಸುಧಾರಣೆ ಎಂದು ನನಗೆ ಅನ್ನಿಸುವುದಿಲ್ಲ. ಅಂಥವರ ಕೈಕೆಳಗೆ ದುಡಿಯುವವರಿಗೆ 43ನೇ ಕಲಮೇ ಆಸರೆ.

ದೂರು ಕೊಡುವುದು ಹೇಗೆ? ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಮೊದಲು ಹೋಗಿ. 45ನೇ ಕಲಮಿನಂತೆ ಕ್ಲೇಮು ಅರ್ಜಿಯನ್ನು ನೌಕರನೇ ಕೊಡಬಹುದು, ಯೂನಿಯನ್ ಅಥವಾ ಇನ್‌ಸ್ಪೆಕ್ಟರ್ ಕೂಡ ಕೊಡಬಹುದು. ಹಲವರು ಸೇರಿ ಒಂದೇ ಅರ್ಜಿ ಹಾಕಿದರೂ ಆಗುತ್ತದೆ. ಒಬ್ಬಳೇ ಹೋಗಲು ಹೆದರುವ ಹೆಂಗಸಿಗೆ ಇದು ದೊಡ್ಡ ಅನುಕೂಲ. ಹಿಂದೆ 12 ತಿಂಗಳಿದ್ದ ಅವಧಿ ಈಗ 3 ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಅವಕಾಶವಿದೆ. ಮೂರು ತಿಂಗಳೊಳಗೆ ತೀರ್ಮಾನಿಸಲು ಅಧಿಕಾರಿ ಪ್ರಯತ್ನಿಸಬೇಕು ಎಂದಿದೆ - "ಪ್ರಯತ್ನಿಸಬೇಕು" ಎಂಬ ಪದದ ಬೆಲೆ ಸರಕಾರಿ ಕಚೇರಿ ಕಂಡವರಿಗೆ ಗೊತ್ತು. ಆದೇಶವಾದ ಮೇಲೂ ಹಣ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲು ಮಾಡಬಹುದು.

ಸಂಬಳ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲಿಕನದ್ದು. ಹಾಗೆಂದು ಬರಿಗೈಯಲ್ಲಿ ಹೋಗಬೇಡಿ. ಗುರುತಿನ ಚೀಟಿ, ಡ್ಯೂಟಿ ಪಟ್ಟಿಯ ಫೋಟೋ, ಬ್ಯಾಂಕ್ ಪಾಸ್‌ಬುಕ್, ಸೂಪರ್‌ವೈಸರ್ ಕಳುಹಿಸಿದ ವಾಟ್ಸಾಪ್ ಸಂದೇಶ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಸಂಬಳದಿಂದ ಹಿಡಿದ ಪಿ.ಎಫ್. ಖಾತೆಗೆ ಜಮೆಯಾಗಿದೆಯೇ ಎಂದೂ ನೋಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತ ವಕೀಲರ ನೆರವಿದೆ, ಸಹಾಯವಾಣಿ 15100. ವಾಳೆಯ ಗುರಿಕಾರರು ಈ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಒಳ್ಳೆಯದು.

ಇನ್ನೊಂದು ಮಾತು ನಮ್ಮ ಸಂಸ್ಥೆಗಳಿಗೆ. ಚರ್ಚಿನ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳೂ ಏಜೆನ್ಸಿಯಿಂದ ಜನ ತೆಗೆದುಕೊಳ್ಳುತ್ತವೆ. ಕಾನೂನಿನ ಕಣ್ಣಿಗೆ ಅಲ್ಲಿ ನಾವೇ ಮೂಲ ಮಾಲಿಕರು. ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ. ಕೂಡಿಸಿದರೆ ಬರುವ ಮೊತ್ತಕ್ಕಿಂತಲೂ ಕಡಿಮೆ ಕೊಟೇಶನ್ ಬಂದರೆ, ಆ ವ್ಯತ್ಯಾಸ ಯಾರ ಜೇಬಿನಿಂದ ಹೋಗುತ್ತದೆಂದು ಪಾಲನಾ ಮಂಡಳಿಯ ಹಣಕಾಸು ಸಮಿತಿ ಕೇಳಲೇಬೇಕು. ಹಿಂದಿನ ತಿಂಗಳ ಸಂಬಳ ಪ್ರತಿಯೊಬ್ಬರ ಖಾತೆಗೂ ಹೋದ ಬ್ಯಾಂಕ್ ದಾಖಲೆ ತೋರಿಸಿದ ನಂತರವೇ ಈ ತಿಂಗಳ ಬಿಲ್ ಎಂಬ ಒಂದು ಷರತ್ತನ್ನು ಕರಾರಿನಲ್ಲಿ ಸೇರಿಸಲು ಖರ್ಚೇನೂ ಇಲ್ಲ.